ಅಜ್ಜಿಯನ್ನು ಡೀಸೆಂಟಾಗಿ ಕಳಿಸಿದ್ದು

ಡೀಸೆಂಟ್ ಎನ್ನುವ ಪದ ಕೇಳಿದರೆ ನನಗೀಗ ವಾಕರಿಕೆ ಬರುತ್ತದೆ. ಇದು ಬರೀ ಮಾತಿಗೆ ಹೇಳುತ್ತಿರುವುದಲ್ಲ. ಹೈಸ್ಕೂಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿಯೇ ಹೊಟ್ಟೆ ಹೊರೆದವಳು ನಾನು. ಅನ್ನ ಕೊಟ್ಟ ಭಾಷೆಯ ಒಂದು ಗುಣವಾಚಕದ ಮೇಲೆ ಇಷ್ಟು ಹೇಸಿಗೆ ಇಟ್ಟುಕೊಳ್ಳಬಾರದು ಅಂತ ಗೊತ್ತು. ಆಡುವವರ ಬಾಯಿ ಕೊಳಕಾದರೆ ಪದ ಏನು ಮಾಡುತ್ತೆ ಪಾಪ. ಆದರೆ ಆ ಬಾಯಿಗಳ ಜೊತೆ ನಾನಿನ್ನೂ ಒಂದೇ ಲಿಫ್ಟಿನಲ್ಲಿ ಹತ್ತಿ ಇಳಿಯಬೇಕು, ಗುಡ್ ಮಾರ್ನಿಂಗ್ ಅನ್ನಬೇಕು. ಅದಕ್ಕೇ ಸಿಟ್ಟನ್ನೆಲ್ಲ ಪದದ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಹಲಸೂರಿನ ಒಂದು ವಠಾರದಲ್ಲಿ. ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ತೆಲುಗು. ಕೊನೆಯ ಮನೆಯಲ್ಲಿ ಗೌನು ತೊಡುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಇದ್ದರು, ಅವರದು ಮನೆಮಾತೂ ಇಂಗ್ಲಿಷೇ. ಅವರು ಯಾರ ಮನೆಗೆ ಬಂದರೂ ಬಾಗಿಲು ತಟ್ಟಿ ಹೊರಗೇ ನಿಂತು, ಆರ್ ಯೂ ಡೀಸೆಂಟ್ ಅಂತ ಕೇಳುತ್ತಿದ್ದರು. ಒಳಗಿರುವವರ ಮೈಮೇಲೆ ಬಟ್ಟೆ ನೆಟ್ಟಗಿದೆಯಾ, ಬರಬಹುದಾ ಎಂದು ಅದರ ಅರ್ಥ. ಅರ್ಥ ತಿಳಿಯುವವರೆಗೆ ನಮ್ಮಮ್ಮನಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ತಿಳಿದ ಮೇಲೆ ಬಹಳ ಗೌರವ ಬಂತು. ವಠಾರದಲ್ಲಿ ಮಿಕ್ಕವರೆಲ್ಲ ಸೀದಾ ಅಡುಗೆಮನೆಗೇ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುವವರು. ಹೀಗೆ ನಾನು ಆ ಪದವನ್ನು ಒಳಗಿರುವವರ ಮಾನ ಕಾಯುವ ಪದ ಎಂದೇ ಕಲಿತೆ.

ಆಮೇಲೆ ಅದು ಎಲ್ಲೆಲ್ಲೋ ಅಲೆಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿವಾಜಿನಗರದ ಒಂದು ಸೀರೆ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ನನ್ನನ್ನು ಒಮ್ಮೆ ನೋಡಿ, ಕೆಂಪು, ಹಸಿರು, ರಾಣಿ ಬಣ್ಣಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಬೂದಿ ಬಣ್ಣದ್ದೊಂದನ್ನು ನನ್ನ ಮುಂದೆ ಬಿಡಿಸಿ ಹಾಕಿದರು. ಟೀಚರ್ ಅಲ್ವಾ ಮೇಡಂ, ಡೀಸೆಂಟ್ ಕಲರ್ ತಗೊಳ್ಳಿ ಅಂದರು. ತಮ್ಮ ಹೆಂಡತಿಯ ಜೊತೆ ದಖನಿ ಉರ್ದುವಿನಲ್ಲಿ ಮಾತಾಡುವಾಗ ಅವರು ಮರ್ಯಾದಸ್ಥರಿಗೆ ಶರೀಫ್ ಅನ್ನುತ್ತಿದ್ದರು, ಡೀಸೆಂಟ್ ಅನ್ನುವುದು ಮಾತ್ರ ಸೀರೆಗೆ ಮೀಸಲು. ನನಗೆ ರಾಣಿ ಬಣ್ಣ ಬೇಕಿತ್ತು. ಬೂದಿ ಬಣ್ಣದ್ದನ್ನೇ ತಂದು ಉಟ್ಟು ಹಳೆಯದು ಮಾಡಿದೆ.

ಮದುವೆಯ ಮಾತುಕತೆಯಲ್ಲಿ ಹುಡುಗ ತುಂಬಾ ಡೀಸೆಂಟ್ ಅಂದರು. ಕುಡಿಯುವುದಿಲ್ಲ, ಹೆಚ್ಚು ಮಾತಾಡುವುದಿಲ್ಲ ಎಂದು ಅದರ ಅರ್ಥ. ಎರಡೂ ನಿಜವೇ ಆಗಿತ್ತು. ನಮ್ಮ ಯಜಮಾನರು ಹೋಗಿ ಈಗ ಬಹಳ ಕಾಲವಾಯಿತು, ಅವರಿದ್ದ ಮನೆಯ ಮೌನಕ್ಕೂ ಈ ಮನೆಯ ಮೌನಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಇಂದಿರಾನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ ಗೇಟುಗಳ ಮೇಲೆ ‘ಡೀಸೆಂಟ್ ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ನೇತಾಡುತ್ತಿತ್ತು. ಅಲ್ಲಿ ಅದರ ಅರ್ಥ, ನಿಮ್ಮದು ಯಾವ ಜಾತಿ, ಒಲೆಯ ಮೇಲೆ ಏನು ಬೇಯುತ್ತೆ ಎನ್ನುವುದು. ಬಾಯಿಬಿಟ್ಟು ಕೇಳಿದರೆ ಅಸಹ್ಯವಾಗಿ ಕಾಣುತ್ತದಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಬರೆದು ಹಾಕುತ್ತಿದ್ದರು. ಮಕ್ಕಳ ಪರೀಕ್ಷೆಯಲ್ಲಿ ಡೀಸೆಂಟ್ ಮಾರ್ಕ್ಸ್ ಅಂದರೆ ಫೇಲೂ ಅಲ್ಲ, ಹೇಳಿಕೊಳ್ಳುವಂಥದ್ದೂ ಅಲ್ಲ. ಒಂದೇ ಪದ ಎಷ್ಟು ಮನೆಯ ಊಟ ಮಾಡುತ್ತದೆ ನೋಡಿ.

ಅದರ ಹುಟ್ಟನ್ನು ನಾನು ತರಗತಿಯಲ್ಲಿ ಬಹಳ ಉತ್ಸಾಹದಿಂದ ಹೇಳುತ್ತಿದ್ದೆ. ಲ್ಯಾಟಿನ್ನಿನಲ್ಲಿ ಡೆಕೇರೆ ಎಂಬ ಕ್ರಿಯಾಪದವಿದೆ. ತಕ್ಕುದಾಗಿರುವುದು, ಒಪ್ಪುವುದು ಎಂದು ಅರ್ಥ. ಅಲ್ಲಿಂದ ಫ್ರೆಂಚರ ಬಾಯಿಗೆ ಬಂದು, ಆಮೇಲೆ ಇಂಗ್ಲಿಷಿಗೆ ಇಳಿಯಿತು. ಅಲಂಕಾರಕ್ಕೆ ಹೇಳುವ ಡೆಕೊರೇಷನ್ನೂ ಘನತೆಗೆ ಹೇಳುವ ಡಿಗ್ನಿಟಿಯೂ ಇದರ ದಾಯಾದಿಗಳೇ. ಸುರುವಿನಲ್ಲಿ ಮನುಷ್ಯನ ಸ್ಥಾನಕ್ಕೆ, ಸಂದರ್ಭಕ್ಕೆ ಏನು ಒಪ್ಪುತ್ತದೋ ಅದು ಡೀಸೆಂಟ್. ರಾಜನಿಗೆ ಒಪ್ಪುವ ಅಂತ್ಯಕ್ರಿಯೆ ರಾಜನದು, ರೈತನಿಗೆ ಒಪ್ಪುವುದು ರೈತನದು. ಕನ್ನಡದಲ್ಲಿ ಇದಕ್ಕೆ ಒಪ್ಪ ಎನ್ನುವ ಪದಕ್ಕಿಂತ ಒಳ್ಳೆಯದು ಬೇಕಿಲ್ಲ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದವು, ಪರೀಕ್ಷೆ ಮುಗಿದ ದಿನ ಮರೆಯುತ್ತಿದ್ದವು.

ನಿವೃತ್ತಿಯಾದ ಮೇಲೆ ದೊಡ್ಡನೆಕ್ಕುಂದಿಯಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಬಂದು ಸೇರಿದೆ. ಸುತ್ತ ಫ್ಯಾಕ್ಟರಿಗಳು, ಗಾಜಿನ ಆಫೀಸುಗಳು, ಮಧ್ಯೆ ಊರಿನ ಹಳೆಯ ಬೀದಿಗಳು. ನಮ್ಮ ಕಟ್ಟಡ ಎದ್ದಿರುವುದು ಆ ಊರಿನದೇ ಒಂದು ಮನೆತನದ ಜಾಗದಲ್ಲಿ. ಅವರು ಮನೆಯನ್ನೂ ಹಿತ್ತಲನ್ನೂ ಬಿಲ್ಡರಿಗೆ ಬಿಟ್ಟುಕೊಟ್ಟು, ಬದಲಿಗೆ ಅಲ್ಲೇ ಫ್ಲ್ಯಾಟು ತೆಗೆದುಕೊಂಡಿದ್ದರು. ಈ ಕಡೆ ಇದೇ ಪದ್ಧತಿ. ಮೊದಲನೆಯ ಮಹಡಿಯಲ್ಲಿ ಆ ಮನೆಯ ಅಜ್ಜಿ, ಅಜ್ಜಿಯ ಒಬ್ಬನೇ ಮಗ, ಸೊಸೆ ಇದ್ದರು. ಹೊರಗಿಂದ ಬಂದು ಕೊಂಡುಕೊಂಡವರೆಲ್ಲ ಅವರನ್ನು ಲೋಕಲ್ಸ್ ಅನ್ನುತ್ತಿದ್ದರು. ಏನೋ ಸೊಳ್ಳೆಯ ಜಾತಿ ಹೇಳಿದ ಹಾಗೆ ಹೇಳುತ್ತಿದ್ದರು.

ಅಜ್ಜಿಗೆ ಎಂಬತ್ತು ದಾಟಿತ್ತು. ಮೂಗಿನ ಎರಡೂ ಕಡೆ ಬೊಟ್ಟು, ಬಾಯಲ್ಲಿ ಯಾವಾಗಲೂ ಎಲೆಅಡಿಕೆ. ನನ್ನನ್ನು ಮೊದಲ ದಿನ ಕಂಡಾಗಲೇ, ಒಂಟಿ ಹೆಂಗ್ಸು ಯಾರ್ ಹತ್ರ ಜಗಳ ಆಡ್ತೀಯ, ಬಾ ನನ್ ಹತ್ರ ಕೂತ್ಕೋ ಅಂದವಳು. ಒಂದು ದಿನ ನನ್ನ ಕೈಹಿಡಿದುಕೊಂಡು ಕೆಳಗಿನ ಲಾಬಿಯನ್ನೆಲ್ಲ ತೋರಿಸಿದಳು. ಸೋಫಾ ಹಾಕಿರುವ ಕಡೆ ನಡುಮನೆ ಇತ್ತಂತೆ. ಲಿಫ್ಟಿನ ಹತ್ತಿರ ಒಲೆ. ಮುಂದಿನ ಗಾಜಿನ ಬಾಗಿಲು ಇದೆಯಲ್ಲ, ಸರಿಯಾಗಿ ಅಲ್ಲೇ ಹೊಸಿಲು. ಬೇರೆಯವರೆಲ್ಲ ಫೋನು ನೋಡಿಕೊಂಡು ಆ ಬಾಗಿಲು ದಾಟಿದರೆ, ಅಜ್ಜಿ ಪ್ರತಿಸಲವೂ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟುತ್ತಿದ್ದಳು. ಹಿಂದೆ ಬರುವವರು ಎಡವಬೇಕಾಗುತ್ತೆ ಎಂದು ಅದಕ್ಕೂ ಗ್ರೂಪಿನಲ್ಲಿ ಯಾರೋ ಗೊಣಗಿದ್ದರು.

ಗ್ರೂಪ್ ಅಂದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು. ಅಜ್ಜಿ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಎಲೆ ಮೆಲ್ಲುತ್ತಾಳೆ, ನಮ್ಮ ಮನೆಗೆ ಬರುವ ಗೆಸ್ಟುಗಳಿಗೆ ಅದು ಡೀಸೆಂಟಾಗಿ ಕಾಣುವುದಿಲ್ಲ ಎಂದು ಒಬ್ಬರು ಬರೆದರು. ಅಜ್ಜಿ ಒಂದು ಡಬ್ಬ ಇಟ್ಟುಕೊಂಡು ಅದರೊಳಗೇ ಉಗಿಯುತ್ತಿದ್ದಳು, ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲ. ಇವರ ನಾಯಿಗಳು ಪಾರ್ಕಿನಲ್ಲಿ ಮಾಡುವುದನ್ನು ನಾನು ತುಳಿದಿದ್ದೇನೆ, ಅದನ್ನು ಯಾರೂ ಬರೆಯಲಿಲ್ಲ. ಆ ಮೆಸೇಜು ಬಂದ ಮರುದಿನದಿಂದ ಮಗ ಅಜ್ಜಿಯನ್ನು ಕೆಳಗೆ ಕೂರುವುದಕ್ಕೆ ಬಿಡಲಿಲ್ಲ.

ಅವನು ಕೆಟ್ಟವನಲ್ಲ. ಐವತ್ತರ ಆಸುಪಾಸಿನವನು, ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದ. ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ, ಲಿಫ್ಟಿನಲ್ಲಿ ಯಾರು ಸಿಕ್ಕಿದರೂ ಮೊದಲು ಇವನೇ ನಗುವುದು. ತನ್ನ ಅಪ್ಪನ ಜಾಗದಲ್ಲಿ ನಿಂತುಕೊಂಡು ಇವನೇ ಬಾಡಿಗೆಯವನ ಹಾಗೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಊರ ಹಬ್ಬದಲ್ಲಿ ಮನೆಯ ಮುಂದೆ ತಮಟೆ ಬಡಿಸಿದ್ದಕ್ಕೆ ಕಟ್ಟಡದವರು ಯಾರೋ ಒಂದು ಸಲ ಪೊಲೀಸಿಗೆ ಫೋನು ಮಾಡಿದ್ದರಂತೆ. ಅಂದಿನಿಂದ ಅವನ ಬಾಯಲ್ಲಿ ಒಂದೇ ಮಂತ್ರ, ಡೀಸೆಂಟಾಗಿ ಇರ್ಬೇಕು.

ಒಂದು ಸಂಜೆ ನಾನು ಅಜ್ಜಿಯ ಮನೆಗೆ ಹೋಗಿದ್ದಾಗ ಅವಳು ನನ್ನನ್ನು ಕೇಳಿಯೇಬಿಟ್ಟಳು. “ಅದೇನ್ ಟೀಚರಮ್ಮ, ಡೀಸೆಂಟು ಅಂದ್ರೆ? ನನ್ ಮಗ ದಿನಾ ಅಂತಾನೆ.”

ನಾನು ಮೇಷ್ಟರ ಗತ್ತಿನಲ್ಲಿ, ಒಪ್ಪುವಂಥದ್ದು ಅಜ್ಜಿ, ಚೆನ್ನಾಗಿ ಒಪ್ಪುವಂಥದ್ದು ಅಂದೆ.

“ಯಾರ್ಗೆ ಒಪ್ಪೋದು?” ಅಂದಳು.

ಲ್ಯಾಟಿನ್ ಬೇರು ಹೇಳಿಕೊಟ್ಟ ನನಗೆ ಈ ಪ್ರಶ್ನೆ ಯಾವತ್ತೂ ಬಂದಿರಲಿಲ್ಲ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ತನ್ನ ಲೆಕ್ಕದಲ್ಲಿ ಮುಂದುವರಿದಳು. ಅವರ ಕಡೆ ಹೆಣವನ್ನು ಕ್ರಮವಾಗಿ ಮಣ್ಣಿಗೆ ಕಳಿಸುವುದಕ್ಕೂ ಒಪ್ಪ ಮಾಡುವುದು ಅನ್ನುತ್ತಾರೆ. ಅದಕ್ಕೇ ಮಾತು ಅತ್ತ ತಿರುಗಿತೆಂದು ಕಾಣುತ್ತದೆ.

“ನಮ್ಮತ್ತೇನ ಒಪ್ಪ ಮಾಡಿದ್ದು ಕೆಳ್ಗಡೆ ಹೊಸ್ಲಿತ್ತಲ್ಲ, ಆ ಬಾಗ್ಲಿಂದ. ನಮ್ ಯಜಮಾನ್ರು ಹೋಗಿದ್ದೂ ಆ ಬಾಗ್ಲಿಂದ. ನನ್ನೂ ಅಲ್ಲಿಂದ್ಲೇ ಕಳ್ಸಿ. ಆಸ್ಪತ್ರೆಯಿಂದ ಹಂಗೇ ಸಾಗ್ಸಿ ಗೀಗ್ಸೀರಾ ಮತ್ತೆ. ನನ್ ಮಗನ್ಗೆ ನೀನೊಂದ್ ಮಾತು ಹೇಳಿರು, ನಿನ್ ಮಾತಂದ್ರೆ ಕೇಳ್ತಾನೆ.”

ನಾನು ಹೇಳಿದೆ. ಅಜ್ಜಿಯ ಎದುರಿಗೇ ಹೇಳಿದೆ. ಅಯ್ಯೋ ಅದೇನ್ ದೊಡ್ ವಿಷ್ಯ ಟೀಚರ್, ನಮ್ ಜಾಗ, ನಮ್ ಬಾಗ್ಲು ಅಂದ. ಅಜ್ಜಿ ನನ್ನ ಕಡೆ ನೋಡಿ ಕೆಂಪು ಹಲ್ಲು ಬಿಟ್ಟು ನಕ್ಕಳು.

ಅಜ್ಜಿ ಹೋದದ್ದು ಒಂದು ಭಾನುವಾರ ಬೆಳಗ್ಗೆ, ಕೆ.ಆರ್. ಪುರದ ಕಡೆಯ ಒಂದು ಆಸ್ಪತ್ರೆಯಲ್ಲಿ. ಸೊಸೆ ಫೋನಿನಲ್ಲಿ ಅಳುತ್ತಾ ಹೇಳಿದಳು. ನಾನು ಕೂಡಲೇ ಕೆಳಗೆ ಇಳಿದು ಬಂದೆ, ಲಾಬಿಯ ಸೋಫಾ ಸರಿಸಿ ಜಾಗ ಮಾಡಿಸೋಣ ಅಂತ. ನೋಡಿದರೆ ಅಲ್ಲಿ ಗೋಡೆಗೆಲ್ಲ ಬಲೂನು ಕಟ್ಟುತ್ತಿದ್ದಾರೆ. ಮೂರನೇ ಮಹಡಿಯ ಮಗುವಿನ ಬರ್ತ್‌ಡೇ, ಸಂಜೆಗೆ. ಬಲೂನುಗಳ ನಡುವೆ ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ ನಿಂತಿದ್ದರು. ಕನ್ನಡದವರೇ. ಬಾಯಿ ತೆಗೆದರೆ ಬೆಲ್ಲ ಸುರಿಯುವ ಮನುಷ್ಯ, ಯಾರ ಮೇಲೂ ದನಿ ಏರಿಸಿದವರಲ್ಲ.

ಅವರು ನನ್ನನ್ನು ಪಕ್ಕಕ್ಕೆ ಕರೆದು, ವಿಷಯ ಗೊತ್ತಾಯ್ತು ಮೇಡಂ, ತುಂಬಾ ಬೇಜಾರಾಯ್ತು ಅಂದರು. ಗ್ರೂಪಿಗೆ ಒಂದು ಮೆಸೇಜ್ ಹಾಕಬೇಕು, ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಡೀಸೆಂಟಾಗಿ ಬರೆದುಕೊಡಿ ಅಂದರು. ಏನಂತ ಬರೆಯಬೇಕು ಅಂತ ಕೇಳಿದೆ. ಪಾರ್ಥಿವ ಶರೀರವನ್ನು ಬೇಸ್‌ಮೆಂಟಿನ ವಿಸಿಟರ್ ಪಾರ್ಕಿಂಗಿನಲ್ಲಿ ಇಡಲಾಗುವುದು, ನೋಡುವವರು ಅಲ್ಲಿಗೆ ಹೋಗಿ ನೋಡಬಹುದು, ಲಾಬಿಯ ಕಾರ್ಯಕ್ರಮಕ್ಕೆ ಏನೂ ತೊಂದರೆಯಿಲ್ಲ ಎಂದು ಬರೆಯಬೇಕಂತೆ.

ನನಗೆ ಒಂದು ನಿಮಿಷ ಅರ್ಥವೇ ಆಗಲಿಲ್ಲ. ವಿಸಿಟರ್ ಪಾರ್ಕಿಂಗು! ಈ ಮಣ್ಣಿನಲ್ಲಿ ರಾಗಿ ಬೆಳೆದು, ಇದೇ ಜಾಗದಲ್ಲಿ ಹೆತ್ತು, ಇದೇ ಜಾಗದಲ್ಲಿ ಗಂಡನ ಹೆಣದ ಮುಂದೆ ಕೂತು ಅತ್ತವಳು ವಿಸಿಟರ್. ನಿನ್ನೆ ಮೊನ್ನೆ ಬಂದು ಬೀಗದ ಕೈ ಇಸಕೊಂಡ ಇವರು ಮನೆಯವರು. ನಾನು ಅಲ್ಲೇ, ಬಲೂನು ಕಟ್ಟುವವರೆಲ್ಲ ಕೇಳುವ ಹಾಗೆ ಬೈದೆ. ನಿಮ್ಮಮ್ಮ ಹೋದರೆ ಕಾರು ನಿಲ್ಲಿಸುವ ಗುಂಡಿಯಲ್ಲಿ ಇಡುತ್ತೀರಾ, ಇಂಗ್ಲಿಷಿನಲ್ಲಿ ಬರೆದರೆ ಹೇಲು ಗಂಧವಾಗುತ್ತಾ ಅಂತ ಕೇಳಿದೆ. ನನ್ನ ವಯಸ್ಸಿನಲ್ಲಿ ಆಡಬಾರದ ಮಾತುಗಳು ಇನ್ನೂ ಒಂದೆರಡು ಬಂದವು, ಅವನ್ನು ಬರೆಯುವುದಿಲ್ಲ.

ಸೆಕ್ರೆಟರಿ ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. ಅದೇ ಬೆಲ್ಲದ ದನಿಯಲ್ಲಿ, ನೀವು ಮಗನ ಹತ್ತಿರ ಒಂದು ಸಲ ಮಾತಾಡಿ ಮೇಡಂ ಅಂದರು.

ಆಸ್ಪತ್ರೆಯಿಂದ ಮಗ ಬರುವವರೆಗೆ ಗೇಟಿನಲ್ಲೇ ನಿಂತೆ. ಬಂದ ಕೂಡಲೇ, ನೋಡಪ್ಪಾ ಇವರು ಹೀಗೆ ಹೇಳುತ್ತಿದ್ದಾರೆ, ನೀನು ಹೆದರಬೇಡ, ನಾನಿದ್ದೇನೆ, ಬಲೂನು ನಾನೇ ಕಿತ್ತು ಬಿಸಾಕುತ್ತೇನೆ ಎಂದೆ. ಅವನು ಕಣ್ಣು ಕೆಳಗೆ ಹಾಕಿದ.

“ಬಿಡಿ ಟೀಚರ್. ಬೇಸ್‌ಮೆಂಟ್ ಸಾಕು ಅಂತ ನಾನೇ ಹೇಳ್ದೆ ಅವ್ರಿಗೆ.”

ಲಾಬಿ ಕೊಡುವುದಿಲ್ಲ ಎಂದು ಅವರು ಯಾರೂ ಹೇಳಿರಲಿಲ್ಲವಂತೆ. ಇವನೇ ಆಸ್ಪತ್ರೆಯಿಂದ ಫೋನು ಮಾಡಿ, ಮೇಲೆ ಪಾರ್ಟಿ ಇದೆಯಲ್ಲ ಸಾರ್, ನಮ್ಮದರಿಂದ ಯಾರಿಗೂ ಡಿಸ್ಟರ್ಬ್ ಆಗುವುದು ಬೇಡ, ಕೆಳಗೆ ಡೀಸೆಂಟಾಗಿ ಮುಗಿಸಿಬಿಡುತ್ತೇವೆ ಎಂದು ಹೇಳಿದ್ದಂತೆ. ಅವರು ತಕ್ಷಣ ಒಪ್ಪಿಕೊಂಡು, ಥ್ಯಾಂಕ್ಸ್ ಹೇಳಿದರಂತೆ. ತಮಟೆಯವರಿಗೂ ಬರಬೇಡಿ ಎಂದು ಹೇಳಿ ಕಳಿಸಿಯಾಗಿತ್ತು. ಇದನ್ನೆಲ್ಲ ಅವನು ಏನೋ ಒಳ್ಳೆಯ ವ್ಯವಸ್ಥೆ ಮಾಡಿದವನ ಹಾಗೆ ಹೇಳಿದ. ಇವತ್ತೊಂದು ದಿನವಾದರೂ ಗ್ರೂಪಿನಲ್ಲಿ ನಮ್ಮ ಬಗ್ಗೆ ಯಾರೂ ಏನೂ ಬರೆಯಬಾರದು ಟೀಚರ್ ಅಂದ.

ಥೂ ಅಂದೆ. ಜೋರಾಗಿಯೇ ಅಂದೆ. ನಿಮ್ಮಮ್ಮ ಏನು ಕೇಳಿದ್ದಳು ಅಂತ ಕೇಳಿದೆ. ಅವನು, ಇಳಿಜಾರಿನಲ್ಲಿ ಅಜ್ಜಿಯಿದ್ದ ಫ್ರೀಜರ್ ಪೆಟ್ಟಿಗೆ ಇಳಿಸುತ್ತಿದ್ದವರಿಗೆ, ನಿಧಾನ, ಗೋಡೆಗೆ ತಾಗಿಸಬೇಡಿ, ಪೇಂಟ್ ಹೋಗುತ್ತೆ ಎಂದು ಹೇಳಲು ಹೋದ.

ನಮ್ಮ ಬೇಸ್‌ಮೆಂಟನ್ನು ನೋಡಿದವರಿಗೆ ಮಾತ್ರ ಗೊತ್ತು. ಒಂದು ಮೂಲೆಯಲ್ಲಿ ಇಡೀ ಕಟ್ಟಡದ ಕಕ್ಕಸಿನ ನೀರು ಶುದ್ಧ ಮಾಡುವ ಯಂತ್ರ, ಅದು ಹಗಲೂ ರಾತ್ರಿ ಗುರ್ ಅನ್ನುತ್ತಿರುತ್ತದೆ. ಅದರ ಪಕ್ಕಕ್ಕೆ ಹಸಿಕಸದ ಡ್ರಮ್ಮುಗಳ ಸಾಲು. ಅದರ ಪಕ್ಕಕ್ಕೆ ವಿಸಿಟರ್ ಪಾರ್ಕಿಂಗು. ನೆಲದ ಮೇಲೆ ಹಳದಿ ಗೆರೆ, ಗೆರೆಯ ಒಳಗೆ ಎಣ್ಣೆಯ ಕಲೆ, ಕಲೆಯ ಮೇಲೆ ಅಜ್ಜಿ. ಮೇಲೆ ಪೈಪುಗಳು ಹೋಗಿವೆ, ಒಂದರ ಕೀಲಿನಿಂದ ಹನಿ ಬೀಳುತ್ತಿತ್ತು. ಅದು ಯಾವ ನೀರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಪೆಟ್ಟಿಗೆಯನ್ನು ಇನ್ನೊಂದು ಪಕ್ಕಕ್ಕೆ ತಳ್ಳಿಸಿದೆ.

ಮನೆಯ ಮುಂದೆ ಬಿಸಿನೀರು ಕಾಯಿಸಿ ಮೀಯಿಸಿ, ಹೊಸ ಸೀರೆ ಉಡಿಸುವುದು ಅವರ ಕ್ರಮ. ಕೆಳಗೆ ಸೌದೆ ಹೊತ್ತಿಸುವ ಹಾಗಿಲ್ಲ, ನೀರು ಹರಿಸುವ ಹಾಗಿಲ್ಲ. ಕಡೆಗೆ ಕಾರು ತೊಳೆಯುವ ನಲ್ಲಿಯಿಂದ ಒಂದು ಬಕೆಟ್ ತಂದು, ಬಟ್ಟೆ ಅದ್ದಿ, ಸೊಸೆ ಮುಖ ಒರೆಸಿದಳು. ಬಕೆಟ್ಟಿನ ಒಳಗೆ ಕಾರಿನ ಸೋಪಿನ ನೊರೆ ಇನ್ನೂ ಅಂಟಿಕೊಂಡಿತ್ತು. ಸೊಸೆಯ ಕೈಯಿಂದ ಬಟ್ಟೆ ಕಿತ್ತುಕೊಂಡು, ನನ್ನ ಮನೆಯಿಂದ ತಂದ ಚೊಂಬಿನ ನೀರಿನಲ್ಲಿ ಇನ್ನೊಂದು ಸಲ ಒರೆಸಿದೆ.

ಮಧ್ಯಾಹ್ನದ ಹೊತ್ತಿಗೆ ಹೊಸಕೋಟೆ ಕಡೆಯ ಹಳ್ಳಿಯಿಂದ ಅಜ್ಜಿಯ ತಂಗಿ ಬಂದಳು. ಟೆಂಪೋದಲ್ಲಿ ಬಂಧುಬಳಗವೂ ಬಂತು. ಆಕೆ ಗೇಟಿನಲ್ಲಿ ಇಳಿದವಳು ರೂಢಿಯ ಮೇಲೆ ಗಾಜಿನ ಬಾಗಿಲ ಕಡೆಗೇ ನಡೆದಳು. ಸೆಕ್ಯುರಿಟಿಯವನು ಅಡ್ಡ ಬಂದು ಇಳಿಜಾರು ತೋರಿಸಿದ. ಗೋಡೆ ಹಿಡಿದುಕೊಂಡು ಇಳಿದು ಬಂದು, ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಅಕ್ಕನ ಮುಖ ನೋಡಿ, ಅಳುವುದನ್ನೂ ಮರೆತು ನನ್ನನ್ನು ಕೇಳಿದಳು. “ಯಾಕಮ್ಮಾ, ನಮ್ಮಕ್ಕನ್ನ ಇಲ್ಲಿ ಮಲಗ್ಸವ್ರೆ?”

ನಾನು ಮಗನ ಕಡೆ ಕೈ ತೋರಿಸಿದೆ. ಅವನು ಯಾರದೋ ಕಾರು ಹೊರಗೆ ಹೋಗುವುದಕ್ಕೆ ದಾರಿ ಮಾಡಿಕೊಡುತ್ತಾ, ಅಳುತ್ತಾ ಕೂತಿದ್ದ ಹೆಂಗಸರನ್ನು ಕುರ್ಚಿ ಸಮೇತ ಹಿಂದಕ್ಕೆ ಸರಿಯಿರಿ ಅನ್ನುತ್ತಿದ್ದ. ಕಾರಿನೊಳಗಿದ್ದವರು ಗಾಜು ಇಳಿಸಿ, ಸೋ ಸಾರಿ ಅಂದು, ಮತ್ತೆ ಗಾಜು ಏರಿಸಿಕೊಂಡು ಹೋದರು.

ಹೊತ್ತು ಇಳಿಯುವ ಮುಂಚೆ ಎತ್ತಿದರು. ಶವದ ವ್ಯಾನು ಎತ್ತರವಾಗಿದ್ದರಿಂದ ಬೇಸ್‌ಮೆಂಟಿಗೆ ಇಳಿಯಲಿಲ್ಲ. ನಾಲ್ಕು ಜನ ಚಟ್ಟ ಹೊತ್ತು, ಕಾರುಗಳು ಏರುವ ಇಳಿಜಾರಿನಲ್ಲಿ ಏದುಸಿರು ಬಿಡುತ್ತಾ ಏರಿದರು. ಮೇಲೆ ಬಂದಾಗ ಎಡಗಡೆಗೆ ಹತ್ತು ಹೆಜ್ಜೆಯಲ್ಲಿ ಆ ಬಾಗಿಲು. ಒಂದು ನಿಮಿಷ ಅಲ್ಲಿ ತಿರುಗಿಸಿ ನಿಲ್ಲಿಸ್ರೋ ಎಂದು ತಂಗಿ ಕೂಗಿದಳು. ಚಟ್ಟ ಹೊತ್ತವರು ಮಗನ ಮುಖ ನೋಡಿದರು. ಅವನು ನೇರ ಹೋಗಿ ಎಂದು ಕೈ ಮಾಡಿದ. ಅಜ್ಜಿ ಕಾರಿನ ದಾರಿಯಲ್ಲಿ ಹೋದಳು.

ಹೆಂಗಸರು ಉಳಿದುಕೊಂಡೆವು. ವ್ಯಾನು ತಿರುವಿನಲ್ಲಿ ಮರೆಯಾಗುವುದರೊಳಗೆ ಹೌಸ್‌ಕೀಪಿಂಗಿನವರು ಕೆಳಗೆ ಫಿನಾಯಿಲ್ ಸುರಿದು ತೊಳೆದಿದ್ದರು. ಸೆಕ್ರೆಟರಿಯೇ ನಿಂತು ತೊಳೆಸಿದರಂತೆ. ಗ್ರೂಪಿನಲ್ಲಿ ಮೆಸೇಜುಗಳು ಬರತೊಡಗಿದವು. ತುಂಬಾ ಡೀಸೆಂಟ್ ಫ್ಯಾಮಿಲಿ, ಇಂಥ ದುಃಖದಲ್ಲೂ ಯಾರಿಗೂ ತೊಂದರೆ ಕೊಡಲಿಲ್ಲ ಎಂದು ಒಬ್ಬರು. ಅದಕ್ಕೆ ಕೈಮುಗಿದ ಚಿತ್ರ, ಹೆಬ್ಬೆರಳಿನ ಚಿತ್ರ. ಗೇಟಿನ ಕಲ್ಲಿನ ಬಗ್ಗೆ ಬರೆದಿದ್ದರಲ್ಲ, ಅವರೂ ಹೆಬ್ಬೆರಳು ಒತ್ತಿದ್ದರು. ಫೋನನ್ನು ಎತ್ತಿ ಗೋಡೆಗೆ ಬಡಿಯೋಣ ಅನ್ನಿಸಿತು.

ಅವರ ಕ್ರಮದಲ್ಲಿ ಇನ್ನೊಂದು ಇದೆ. ಹೆಣ ಎತ್ತಿದ ಮೇಲೆ, ತಲೆ ಇದ್ದ ಜಾಗವನ್ನು ಸಾರಿಸಿ ಅಲ್ಲೊಂದು ದೀಪ ಇಡಬೇಕು. ಮಣ್ಣು ಮಾಡಿ ಬಂದವರೆಲ್ಲ ಆ ದೀಪ ನೋಡಿಕೊಂಡು ಮನೆಗೆ ಹೋಗಬೇಕು. ತಿಥಿಯವರೆಗೆ ಅದು ಆರಬಾರದು. ಹೋದ ಜೀವ ಮನೆ ಬಿಡಲಾರದೆ ಅಲ್ಲೇ ಸುತ್ತುತ್ತಿರುತ್ತಂತೆ, ದೀಪ ನೋಡಿಕೊಂಡು ಬರುತ್ತಂತೆ. ನನಗೆ ಇದರಲ್ಲೆಲ್ಲ ನಂಬಿಕೆ ಉಂಟೋ ಇಲ್ಲವೋ, ಆ ಮಾತು ಬೇರೆ. ಅಜ್ಜಿಗೆ ಇತ್ತು. ಮಗನಿಗೂ ಇತ್ತು ಅಂತ ಆಮೇಲೆ ಗೊತ್ತಾಯಿತು.

ತಂಗಿ ದೀಪ ಹಚ್ಚಿಕೊಂಡು ನನ್ನ ಜೊತೆ ಕೆಳಗೆ ಇಳಿದಳು. ಅಜ್ಜಿ ಮಲಗಿದ್ದ ಜಾಗದ ಮೇಲೆ ಬಿಳಿಯ ಕಾರೊಂದು ನಿಂತಿತ್ತು. ಬರ್ತ್‌ಡೇಗೆ ಬಂದ ಯಾರದೋ ಕಾರು. ವಿಸಿಟರ್ ಪಾರ್ಕಿಂಗ್ ಅಲ್ಲವಾ, ವಿಸಿಟರ್ ಬಂದು ನಿಲ್ಲಿಸಿದ್ದಾರೆ, ಅವರದೇನು ತಪ್ಪು. ಸರಿಯಾಗಿ ತಲೆ ಇದ್ದ ಕಡೆ ಅದರ ಹಿಂದಿನ ಚಕ್ರ. ಸೆಕ್ಯುರಿಟಿಯವನು ಮೇಲೆ ಹೋಗಿ ಕೇಳಿ ಬಂದು, ಕೇಕ್ ಕಟ್ ಮಾಡಿದ ಮೇಲೆ ತೆಗೆಯುತ್ತಾರಂತೆ ಅಂದ.

ಅಷ್ಟರಲ್ಲಿ ಸ್ಮಶಾನಕ್ಕೆ ಹೋದವರು ತಿರುಗಿ ಬಂದರು. ಒದ್ದೆ ತಲೆ, ಒದ್ದೆ ಬಟ್ಟೆ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ದೀಪ ನೋಡುವುದಕ್ಕೆ ಇಳಿಜಾರಿನಲ್ಲಿ ಇಳಿದರು. ಮುಂದೆ ಮಗ. ದೀಪ ಅವನ ಚಿಕ್ಕಮ್ಮನ ಕೈಯಲ್ಲೇ ಇತ್ತು. ಅವನು ಅದನ್ನು ನೋಡಿದ, ಕಾರನ್ನು ನೋಡಿದ. ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಚಕ್ರದ ಹತ್ತಿರ ನೆಲವನ್ನು ನೋಡಿದ. ಬಂದವರೆಲ್ಲ ಎಲ್ಲಿ ಕೈಮುಗಿಯಬೇಕೆಂದು ತಿಳಿಯದೆ ಕಾರಿನ ಎದುರಿಗೆ ನಿಂತರು. ಒಬ್ಬಿಬ್ಬರು ಕಾರಿಗೇ ಕೈಮುಗಿದರು.

ಸೆಕ್ರೆಟರಿ ಇಳಿದು ಬಂದು, ಮಗನ ಹೆಗಲ ಮೇಲೆ ಕೈಯಿಟ್ಟು, ಮೇಲೆ ನಿಮ್ಮ ಫ್ಲ್ಯಾಟಿನಲ್ಲೇ ಇಟ್ಟುಕೊಳ್ಳಿ, ಅದೂ ಡೀಸೆಂಟಾಗಿರುತ್ತೆ ಅಂದರು. ಹೆಣ ಮಲಗಿದ್ದೇ ಇಲ್ಲಿ, ದೀಪ ಅಲ್ಲಿಟ್ಟರೆ ಏನು ಬಂತು ಎಂದು ಚಿಕ್ಕಮ್ಮ ಗೋಡೆಗೆ ಹೇಳುವವಳ ಹಾಗೆ ಹೇಳಿದಳು. ಮಗ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟ. ಆಮೇಲೆ ಅಷ್ಟು ಜನರಲ್ಲಿ ನನ್ನನ್ನು ಹುಡುಕಿ, ಹತ್ತಿರ ಬಂದು ನಿಂತ. ಮುಖ ಬಿಳಿಚಿಕೊಂಡಿತ್ತು.

“ಟೀಚರ್, ಇಲ್ಲಿಟ್ರೂ ಅಮ್ಮ ಹೆಂಗ್ ಬರ್ತಾಳೆ? ಒಂದಿನಾನೂ ಬೇಸ್‌ಮೆಂಟಿಗೆ ಇಳಿದೋಳಲ್ಲ ಅವ್ಳು. ಇಲ್ಲಿಗೆ ದಾರೀನೇ ಗೊತ್ತಿಲ್ಲ ಅವ್ಳಿಗೆ.”

ಅವನಿಗೆಂದು ಬೆಳಗ್ಗೆಯಿಂದ ಕೂಡಿಟ್ಟುಕೊಂಡಿದ್ದ ಬೈಗುಳ ಒಂದೂ ಹೊರಗೆ ಬರಲಿಲ್ಲ. ಚಿಕ್ಕಮ್ಮ ದೀಪಕ್ಕೆ ಸೆರಗು ಅಡ್ಡ ಹಿಡಿದುಕೊಂಡೇ ನಿಂತಿದ್ದಳು.